ಕೊಳಗದ ಮೇಲಿನ ಗೋಪುರ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಾಲೇಜಿನ ರಜೆಗೆಂದು ಹಳಿಯಾಳಕ್ಕೆ ಬಂದಾಗ ನನಗೆ ಲೆವಿ ಭತ್ತದ ಚೀಟಿ ಬರೆಯುವ ಕೆಲಸ ಸಿಕ್ಕಿತು. ಬೆಳೆದವರು ಸರ್ಕಾರಕ್ಕೆ ಗೊತ್ತುಪಡಿಸಿದಷ್ಟು ಭತ್ತ ಕೊಡಲೇಬೇಕು. ಅದನ್ನು ಅಳೆದುಕೊಳ್ಳುವ ಗುತ್ತಿಗೆ ಒಬ್ಬ ಸಾಹುಕಾರನದು. ರೇಷನ್ ಜೋಳ ಹಂಚುವುದೂ ಅವನ ಅಂಗಡಿಯಲ್ಲೇ.

ಅದೇ ವರ್ಷ ಧಾರವಾಡದ ಚರ್ಚಾಕೂಟದಲ್ಲಿ ನಾನು ಅಳತೆ-ತೂಕದ ಕಾಯಿದೆಯ ವಿರುದ್ಧ ಮಾತಾಡಿ ಬಹುಮಾನ ಗೆದ್ದಿದ್ದೆ. ಕಬ್ಬಿಣಕ್ಕೆ ಮುದ್ರೆ ಒತ್ತಿದರೆ ಮನುಷ್ಯ ಪ್ರಾಮಾಣಿಕನಾಗುತ್ತಾನೆಯೇ ಎಂದು ಕೇಳಿದಾಗ ಚಪ್ಪಾಳೆಯೂ ಬಿದ್ದಿತ್ತು. ಈಗ ದಿನವಿಡೀ ಅದೇ ಮುದ್ರೆಯ ಎದುರಿಗೆ ಕೂರಬೇಕು. ಹಿಂದಿನ ವಾರವಷ್ಟೇ ಇನ್‌ಸ್ಪೆಕ್ಟರ್ ಬಂದು ಅಂಗಡಿಯಲ್ಲಿ ಭತ್ತ ಅಳೆಯುವ ಕಬ್ಬಿಣದ ಕೊಳಗ, ಜೋಳ ಅಳೆಯುವ ಸೇರು ಎರಡನ್ನೂ ಪರೀಕ್ಷಿಸಿ ಮುದ್ರೆ ಹೊಡೆದು ಹೋಗಿದ್ದರು. ಎರಡೂ ಸರಿಯಾಗಿದ್ದವು. ಮುದ್ರೆಯನ್ನು ದೂರಲು ನೆಪವೇ ಸಿಗದೆ ನನ್ನ ತಲೆ ಕೆಟ್ಟಿತ್ತು.

ಒಂದು ಬೆಳಿಗ್ಗೆ ಕಾಡಂಚಿನ ಸಿದ್ದಿಗಳ ವಾಡೆಯಿಂದ, ಅವರ ಪುಟ್ಟ ಕೇರಿಯಿಂದ, ಒಬ್ಬ ಹೆಂಗಸು ಚೀಲ ಹೊತ್ತು ಬಂದಳು. ಮನೆಯಲ್ಲಿ ಬಿದಿರಿನ ಕೊಳಗದಿಂದ ಹನ್ನೆರಡು ಅಳೆದು ತಂದಿದ್ದಳು. ಹತ್ತು ಲೆವಿಗೆ, ಉಳಿದ ಎರಡು ಬಿತ್ತನೆಗೆ; ಇದ್ದದ್ದು ಒಂದೇ ಚೀಲವಾದ್ದರಿಂದ ಎಲ್ಲವನ್ನೂ ಒಟ್ಟಿಗೇ ಹೊತ್ತಿದ್ದಳು. ಅದು ಬಿಟ್ಟರೆ ಮನೆಯಲ್ಲಿ ಬೀಜವಿರಲಿಲ್ಲ.

ಸಾಹುಕಾರನ ಆಳು, ಅಳೆಯುವವನು, "ಲಾಭ" ಎಂದು ಶುರುಮಾಡಿದ. ನಮ್ಮ ಕಡೆ ಒಂದು ಎಂದು ಎಣಿಸುವುದಿಲ್ಲ, ಮೊದಲನೆಯದು ಲಾಭವೇ. ಯಾರ ಲಾಭವೆಂದು ಮಾತ್ರ ಯಾರೂ ಕೇಳುವುದಿಲ್ಲ. ಪ್ರತಿ ಕೊಳಗದ ಮೇಲೂ ಭತ್ತವನ್ನು ಗೋಪುರದಂತೆ ಪೇರಿಸುತ್ತಿದ್ದ. ಹತ್ತು ಮುಗಿಯುವಷ್ಟರಲ್ಲಿ ಚೀಲದ ತಳದಲ್ಲಿ ಒಂದು ಕೊಳಗವೂ ಉಳಿಯಲಿಲ್ಲ.

"ಎರಡು ಉಳೀಬೇಕಿತ್ತಲ್ಲೋ ತಮ್ಮಾ" ಎಂದಳು ಆಕೆ.

"ನಿಮ್ಮ ಬಿದಿರಿನ ಅಳತಿ ಸುಳ್ಳೈತಿ ಬೇ. ಇದಕ್ಕ ಸರ್ಕಾರದ ಮುದ್ರಿ ಐತಿ, ನೋಡಿಲ್ಲಿ."

"ಕೊಳಗದ ಬಾಯಿತನಕ ಐತಿ ಮುದ್ರಿ. ಮ್ಯಾಲಿನ ಗುಡ್ಡಕ್ಕ ಎಲ್ಲೈತಿ?"

ನನ್ನ ಇಡೀ ಭಾಷಣದಲ್ಲಿ ಇಷ್ಟು ಒಳ್ಳೆಯ ಮಾತು ಒಂದೂ ಇರಲಿಲ್ಲ. ನಾನು ಗಾದಿಯ ಮೇಲಿದ್ದ ಸಾಹುಕಾರನಿಗೆ ಹೇಳಿದೆ: "ಸಾವ್ಕಾರ್ರ, ನಿನ್ನಿ ಜೋಳ ಕೊಡೂ ಮುಂದ ಸೇರಿನ ತಲಿ ಅಂಗೈಲೆ ಸವರಿದ್ರಿ. ಇವತ್ತ ಭತ್ತಕ್ಕ ಯಾಕ ಸವರಲಿಲ್ಲ?"

"ಧಾನ್ಯ ಒಳಗ ಬರೂ ಮುಂದ ತಲಿ ಸವರಬಾರದಪಾ. ಲಕ್ಷ್ಮಿ ಹೋಗಿಬಿಡ್ತಾಳ."

"ಹೊರಗ ಹೋಗೂ ಮುಂದ ಸವರಬಹುದೇನ್ರಿ? ಆಕಿ ಮನಿಗೂ ಲಕ್ಷ್ಮಿ ಬ್ಯಾಡೇನು?"

"ನೀ ಚೀಟಿ ಬರಿಯಾಂವ. ವಕೀಲಿ ಕಲತ ಮ್ಯಾಲ ಬಾ."

"ಆತು, ಚೀಟೀನ ಬರೀತೇನಿ. ಹತ್ತು ಕೊಳಗ, ಗೋಪುರ ಸಹಿತ."

"ಹುಚ್ಚ ಹಿಡದೈತೇನು? ಅಂಥಾ ಖಾನೇನ ಇಲ್ಲ ಚೀಟ್ಯಾಗ!"

"ಅಂಚಿಗೆ ಬರೀತೇನ್ರಿ. ಭಾಳ ಜಾಗಾ ಐತಿ."

ಲೇಖನಿ ಅದ್ದಿದೆ. ಆ ಚೀಟಿಯ ನಕಲು ತಾಲೂಕು ಕಚೇರಿಗೆ ಹೋಗುತ್ತಿತ್ತು. ಸಾಹುಕಾರ ಎಲೆ-ಅಡಿಕೆ ಉಗುಳಿ ಬಂದು, "ಮತ್ತ ಅಳತಿ ಮಾಡೋ, ಈ ಪಂಡಿತನ ಬಾಯಿ ಮುಚ್ಚಲಿ" ಎಂದ. ಗೆರೆ ಎಳೆಯಲು ನಾನು ಇಟ್ಟುಕೊಂಡಿದ್ದ ರೂಲುಪಟ್ಟಿಯನ್ನು ಅಳೆಯುವವನಿಗೆ ಕೊಟ್ಟೆ. ಈ ಸಲ ಪ್ರತಿ ಕೊಳಗದ ತಲೆಯನ್ನೂ ಅದರಿಂದ ಸವರಿದ. ಹತ್ತು ಆದ ಮೇಲೆ ಉಳಿದದ್ದನ್ನೂ ಅಳೆಸಿದೆ. ಸರಿಯಾಗಿ ಎರಡು. ಸುಳ್ಳೆನಿಸಿಕೊಂಡ ಬಿದಿರು ಸರ್ಕಾರದ ಕಬ್ಬಿಣಕ್ಕೆ ಸರಿಸಮವಾಗಿತ್ತು.

ಆಕೆ ನನ್ನನ್ನು ಹೊಗಳಬಹುದೆಂದು ಕಾದೆ. ಹೊಗಳಲಿಲ್ಲ. ಚೀಲದ ಬಾಯಿ ಕಟ್ಟುತ್ತಾ ಕೇಳಿದಳು: "ನಾಳೆ ನಮ್ಮ ವಾಡ್ಯಾಂದ ಮತ್ತ ನಾಕು ಮಂದಿ ಬರ್ತಾರ. ನೀ ಇರ್ತೀ ಏನಪಾ?"

"ಇರ್ತೇನಿ. ರಜಾ ಮುಗಿಯೂತನಕ."

"ಆಮ್ಯಾಲ?"

ನಾನು ಜಗಳಗಂಟ ಎಂಬ ಕಾರಣಕ್ಕೆ ಒಬ್ಬಳ ಬೀಜ ಉಳಿಯಿತು. ಬಾಯಿಸತ್ತವನು ನನ್ನ ಜಾಗದಲ್ಲಿ ಕೂತಿದ್ದರೆ? ಹಾಗಾದರೆ ಅದು ನ್ಯಾಯವಲ್ಲ, ಅದೃಷ್ಟ. ಕಾಯಿದೆ ಅತಿಯಾಯಿತೆಂದು ಕೂಗಾಡಿ ಬಹುಮಾನ ಹೊಡೆದವನಿಗೆ ಆ ಬೆಳಿಗ್ಗೆ ಅದರಲ್ಲಿ ಒಂದು ಸಾಲು ಕಡಿಮೆ ಇದೆಯೆಂದು ಮೈಯೆಲ್ಲ ಉರಿಯುತ್ತಿತ್ತು: ತಗೊಳ್ಳುವಾಗಲೂ ಕೊಡುವಾಗಲೂ ತಲೆ ಸವರಿಯೇ ಅಳೆಯತಕ್ಕದ್ದು. ಇಷ್ಟು ಬರೆಯಲು ಎಷ್ಟು ಮಸಿ ಬೇಕು?

ಆ ಸಾಲನ್ನೇ ಅರ್ಜಿಯಾಗಿ ಬರೆದು ಕಚೇರಿಗೆ ಹಾಕಿದೆ. ರಜೆ ಮುಗಿದರೂ ಜವಾಬು ಬರಲಿಲ್ಲ. ಹೊರಡುವ ದಿನ ನನ್ನ ರೂಲುಪಟ್ಟಿಗೆ ತೂತು ಕೊರೆದು, ಎಲ್ಲರಿಗೂ ಕಾಣುವಂತೆ ಕೊಳಗದ ಹಿಡಿಗೆ ಸುತಳಿಯಿಂದ ಕಟ್ಟಿದೆ.

"ಇದಕ್ಕ ಮುದ್ರಿ ಇಲ್ಲಲ್ಲೋ!" ಎಂದು ಸಾಹುಕಾರ ನಕ್ಕ.

ಸಾಲಿನಲ್ಲಿ ಮುಂದೆ ನಿಂತಿದ್ದ ಆ ವಾಡೆಯ ಮುದುಕನೊಬ್ಬ ಪಟ್ಟಿಯನ್ನು ಎತ್ತಿ ಅಳೆಯುವವನ ಕೈಗೆ ಕೊಟ್ಟ.