ಸೂಗಮ್ಮ ದೊಡ್ಡವ್ವ ಕಟ್ಟಿಕೊಂಡ ನೀಲ

ನಮ್ಮ ಸೂಗಮ್ಮ ದೊಡ್ಡವ್ವ ಹೆಂಥಾಕಿ ಅಂತ ಕಮಲಾಪುರದಾಗ ಯಾರನ್ನ ಕೇಳ್ರಿ, ಬಾಯಿ ಜೋರಿನಾಕಿ ಅಂತಾರ. ಖರೇನ ಅದ. ಸಂತ್ಯಾಗ ತಕ್ಕಡಿ ಒಂದೀಟು ವಾಲಿದ್ರ ವ್ಯಾಪಾರಿಗೆ ನೀರಿಳಿಸತಿದ್ಲು. ಆದ್ರ ಗಂಡ ದೌಲಪ್ಪನ ಮುಂದ ಆ ಬಾಯಿ ಏಳತಿದ್ದಿಲ್ಲ. ಈ ಮಾತು ಆಕಿನೇ ನನಗ ಹೇಳ್ಯಾಳ, ಎಂಬತ್ತು ದಾಟಿದ ಮ್ಯಾಲ. ಕೇಳಿದಾಗಿಂದ ನನಗ ಆಕಿ ಮ್ಯಾಲ ಸಿಟ್ಟೂ ಅದ, ಮರುಕನೂ ಅದ.

ರಜಾಕಾರರ ಹಾವಳಿಯೊಳಗ, ಚಳವಳಿ ಮಾಡ್ತಾನ ಅಂತ ದೌಲಪ್ಪ ದೊಡ್ಡಪ್ಪನ್ನ ನಿಜಾಮನ ಪೊಲೀಸರು ಹಿಡಕೊಂಡು ಹೋಗಿ ಕಲಬುರಗಿ ಜೈಲಿನಾಗ ಹಾಕಿದ್ರು. ಆರು ತಿಂಗಳಾದ್ರೂ ಬಿಡಲಿಲ್ಲ. ಊರಾಗಿನ ಪಂಚಾಂಗದವ, ನಿನ್ನ ಗಂಡಗ ಶನಿ ಕಾಟ ಅದ, ಅವನ ಸಲುವಾಗಿ ನೀನು ಹರಳು ಧರಿಸು ಅಂದ. ಕೊರಳಾಗ ಲಿಂಗ ಇದ್ದವರು ಗ್ರಹಕ್ಕ ಅಂಜಬಾರದು ಅಂತ ದೊಡ್ಡಪ್ಪ ಮದವಿ ಆದ ದಿನದಿಂದ ಹೇಳಿಕೋತ ಬಂದಿದ್ದ. ಆದ್ರೂ ಆಕಿ ಕದ್ದು ಕಲಬುರಗಿಗೆ ಹೋದ್ಲು, ಸ್ಟೇಶನ್ ಬಜಾರದಾಗ ಉಂಗುರಕ್ಕ ಹರಳು ಕೂಡಿಸೋ ಮಕ್ಸೂದ್ ಸಾಬನ ಅಂಗಡಿಗೆ.

ಯಾವ ಗ್ರಹಕ್ಕ ಯಾವ ಹರಳು ಅಂತ ಗೊತ್ತಿಲ್ಲದ ಆಕಿ ಕೇಳಿದ್ದು ಹವಳ. ಕೇಳಿದ್ದು ಕೊಟ್ಟು ಕಳಸೋ ಮನಶಾ ಅಲ್ಲ ಆತ. ಹವಳ, ನೀಲ ಎರಡೂ ಮುಂದ ಇಟ್ಟು ತಿಳಿಸಿದನಂತ. ಹವಳ ಮಂಗಳಂದು, ಸಮುದ್ರದಾಗ ಬೆಳೀತದ, ಮೆತ್ತಗ, ಚಾಕು ತಾಕಿದ್ರ ಗೀರು ಬೀಳ್ತದ, ಲಿಂಬಿರಸ ಬಿದ್ರ ಹೊಳಪು ಹೋಗ್ತದ. ಧೈರ್ಯ ಕೊಡ್ತದ ಅಂತ ನಂಬತಾರ, ಆದ್ರ ಸಾವಕಾಶ. ನೀಲ ಶನಿದು, ಅರಕ್ಕೂ ಜಗ್ಗಂಗಿಲ್ಲ, ಅದಕ್ಕ ಗೀರು ಹಾಕಬೇಕಂದ್ರ ವಜ್ರನೇ ಬೇಕು. ಒಲಿದ್ರೂ ಮುನಿದ್ರೂ ಮೂರೇ ದಿನಾ. ಮಂಗಳ, ಶನಿ ಇಬ್ಬರಿಗೂ ಹಗೆ, ಎರಡೂ ಹರಳು ಕೂಡಿ ಹಾಕ್ಕೋಬ್ಯಾಡ, ಕಾಟ ಶನಿದಂದ್ರ ನೀಲ ನೋಡು ಅಂದ. ಆದ್ರ ನೀಲ ಯಾರಿಗೂ ಪರೀಕ್ಷಾ ಇಲ್ಲದ ಮಾರತಿದ್ದಿಲ್ಲ. ನೀಲಿ ಅರಿವ್ಯಾಗ ಸುತ್ತಿ, ಶನಿವಾರ ರಟ್ಟಿಗೆ ಕಟ್ಟಿಕೋ, ಕೆಟ್ಟ ಕನಸು ಬಿದ್ರ ತಂದುಕೊಡು ಅಂತ ರೊಕ್ಕ ತಗೊಳ್ಳದ ಹಂಗೇ ಕೊಟ್ಟು ಕಳಿಸಿದ.

ಶನಿವಾರ ಕಟ್ಟಿಕೊಂಡ್ಲು, ಸೋಮವಾರ ಹಿಂದೂಸ್ತಾನದ ಫೌಜು ಒಳಗ ಬಂತು. ಮುಂದಿನ ವಾರ ದೊಡ್ಡಪ್ಪ ಮನಿಗೆ ಬಂದ. ಊರಿಗೆ ಊರೇ ಹಾರ ಹಾಕ್ತು. ದೊಡ್ಡವ್ವ ನೀಲ ಬಿಚ್ಚಿ ಜೋಳದ ಗಡಿಗ್ಯಾಗ ಮುಚ್ಚಿಟ್ಲು.

ಮುಂದ ಒಂದಿನ ಸಂತ್ಯಾಗ ಆಕಿಗೆ ಒಂದು ಸುದ್ದಿ ತಿಳೀತು. ರಜಾಕಾರರು ಲೂಟಿ ಮಾಡಿದ ಬಂಗಾರ ಕರಗಿಸಿಕೊಟ್ಟಾನ ಅಂತ ಯಾರೋ ಚಾಡಿ ಹೇಳಿ ಮಕ್ಸೂದ್ ಸಾಬನ್ನ ಹಿಡಿಸಿದ್ರು. ಆಗ ಜೈಲಿಗೆ ಹೋಗಿಬಂದವರ ಮಾತಿಗೆ ಭಾಳ ಬೆಲಿ. ದೊಡ್ಡಪ್ಪ ಹೋಗಿ, ಈ ಮನಶಾ ನನ್ನ ಹೆಂಡತಿಗೆ ಕಷ್ಟದಾಗ ಆಗ್ಯಾನ ಅಂದಿದ್ರ ಬಿಡತಿದ್ರು. ಆದ್ರ ಅದಕ್ಕ ಮೊದಲ ನೀಲದ ಮಾತು ಗಂಡಗ ಹೇಳಬೇಕು. ಉಣ್ಣಾಕ ನೀಡುವಾಗ ಇವತ್ತು ಹೇಳ್ತೀನಿ ಅಂತಿದ್ಲಂತ, ಆತ ತಲಿ ಎತ್ತಿದ ಕೂಡಲೇ ಇನ್ನೊಂದು ರೊಟ್ಟಿ ನೀಡತಿದ್ಲಂತ. ನಾಳಿ, ನಾಳಿ ಅನಕೋತ ದಿನಾ ತಳ್ಳಿದ್ಲು.

ಕಡೀಗೆ ಹೇಳಿದ್ಲು. ನಾನು ಬಿಡುಗಡಿ ಆಗಿದ್ದು ಕಲ್ಲಿನಿಂದೇನು ಅಂತ ದೊಡ್ಡಪ್ಪ ಒದರಾಡಿದ. ಸ್ವಲ್ಪ ಹೊತ್ತಿಗೆ ಪಟಕಾ ಸುತ್ತಿಕೊಂಡು ಎದ್ದ.

"ನಡಿ. ಮೊದಲೇ ಯಾಕ ಹೇಳಲಿಲ್ಲ?"

ಅವರು ಕಲಬುರಗಿ ಮುಟ್ಟಿದಾಗ ಮಕ್ಸೂದ್ ಸಾಬನ ಮನ್ಯಾಗ ಹೆಣ್ಮಕ್ಕಳು ತುಂಬಿದ್ರು. ಹಿಡಿದಿಟ್ಟಲ್ಲೇ ವಾಂತಿಭೇದಿ ಹತ್ತಿ ಹಿಂದಿನ ದಿನ ತೀರಿಕೊಂಡಿದ್ದ. ದೊಡ್ಡಪ್ಪ ಹೊರಗ ಕಟ್ಟಿ ಹತ್ತಿರ ನಿಂತ. ದೊಡ್ಡವ್ವ ಒಳಗ ಹೋಗಿ, ಗ್ವಾಡಿಗೆ ಆತು ಕುಂತಿದ್ದ ಅವನ ಹೆಂಡತಿ ಮೆಹರುನ್ನಿಸಾನ ಕೈಯಾಗ ನೀಲ ಇಟ್ಟು, ಅಳಕೋತ ಎಲ್ಲಾ ಹೇಳಿದ್ಲು. ನನ್ನ ಗಂಡ ಸಾಕ್ಷಿ ಹೇಳಾಕ ಬಂದಾನ ಅಂದ್ಲು.

ಮೆಹರುನ್ನಿಸಾ ಬೈಲಿಲ್ಲ. ಒಂದೇ ಮಾತು ಕೇಳಿದ್ಲು.

"ಅವರನ್ನ ಹಿಡಿದ ಸುದ್ದಿ ನಿನಗ ಯಾವಾಗ ತಿಳೀತಕ್ಕಾ?"

"ಎಂಟು ದಿನಾ ಆತು," ಅಂದ್ಲು ದೊಡ್ಡವ್ವ.