ಗಾಲಿಕುರ್ಚಿಯಲ್ಲಿ ಕುಮಾಮೊತೊ

ತಂಗಿಯ ಬಾಣಂತನಕ್ಕೆ ನಾನು ಹೋಗಲಿಲ್ಲ. ಅಮ್ಮ ಇಲ್ಲದ ಮನೆಯಲ್ಲಿ ಆ ಕೆಲಸ ಅಕ್ಕನದೇ ಎಂದು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಾಗಿಲ್ಲ. ನಾನು ಮೈಸೂರಿನಲ್ಲಿ ರವಿಕೆ ಹೊಲಿಯುವವಳು, ಓದಿದ್ದು ಏಳನೆಯ ತರಗತಿ. ಆದರೂ ಪಾಸ್‌ಪೋರ್ಟ್ ಮಾಡಿಸಿ, ಅಂಟಿನುಂಡೆ ಕಟ್ಟಿಟ್ಟು, ಹೊರಡುವ ದಿನಕ್ಕಾಗಿ ಕಾಯುತ್ತಿದ್ದೆ. ಅಷ್ಟರಲ್ಲಿ ಅವಳಿದ್ದ ಜಪಾನಿನ ಕುಮಾಮೊತೊ ಊರು ಭೂಕಂಪಕ್ಕೆ ನಡುಗಿತು. ಎಳೆಗೂಸನ್ನು ಮಡಿಲಲ್ಲಿಟ್ಟುಕೊಂಡು ಕಾರಿನಲ್ಲೇ ಮಲಗುತ್ತಿದ್ದೇವೆ, ಯಾವಾಗ ಬರ್ತೀಯ ಎಂದು ತಂಗಿ ಶೋಭಾ ಫೋನಿನಲ್ಲಿ ಕೇಳಿದಾಗ ನನ್ನ ಬಾಯಿಂದ ಬಂದದ್ದು ಇದು: "ಬೆನ್ನು ಹಿಡ್ಕೊಂಡ್ಬಿಟ್ಟಿದೆ ಕಣೇ. ಡಾಕ್ಟ್ರು ಹಾಸಿಗೆಯಿಂದ ಏಳಲೇಬೇಡಿ ಅಂದಿದ್ದಾರೆ."

ನನ್ನ ಬೆನ್ನಿಗೆ ಏನೂ ಆಗಿರಲಿಲ್ಲ. ದಿನವಿಡೀ ಮೆಷಿನ್ನಿನ ಮುಂದೆ ಬಗ್ಗಿದರೂ ನೋಯದ ಬೆನ್ನು ಅದು. ಹೆದರಿದ್ದೆ, ಅಷ್ಟೆ. ಅಂಟಿನುಂಡೆಗಳನ್ನು ನಾನೇ ತಿಂದು ಮುಗಿಸಿದೆ. ಹೆರದೆಯೇ ಬಾಣಂತಿಯಷ್ಟು ಪುಷ್ಟಿಯಾದೆ. ಸ್ವಲ್ಪ ದಿನದಲ್ಲಿ ಜಪಾನಿನಿಂದ ಒಂದು ಪಾರ್ಸೆಲ್ ಬಂತು. ಒಳಗೆ ಬೆನ್ನಿಗೆ ಅಂಟಿಸಿಕೊಳ್ಳುವ ನೋವಿನ ಪಟ್ಟಿಗಳು. ಬಿರುಕು ಬಿಟ್ಟ ಊರಿನಲ್ಲಿ, ಕೂಸನ್ನು ಎತ್ತಿಕೊಂಡು, ಬಾಗಿಲು ತೆರೆದಿದ್ದ ಯಾವ ಅಂಗಡಿಯನ್ನು ಹುಡುಕಿ ಅವನ್ನು ಕೊಂಡಳೋ, ನಾನು ಕೇಳಲಿಲ್ಲ. ಪಟ್ಟಿಗಳನ್ನು ಪಕ್ಕದ ಅಂಗಡಿಯವರ ಮಂಡಿಗೆ ದಾನ ಮಾಡಿ ಹೊಗಳಿಸಿಕೊಂಡೆ.

ಆ ಕೂಸು ತನ್ವಿ ಈಗ ಶಾಲೆಗೆ ಹೋಗುವ ಹುಡುಗಿ. ಕೊನೆಗೂ ಈ ವರ್ಷ ನಾನು ಬಂದೆ. ಬೆಳಿಗ್ಗೆ ತಾಯಿ ಮಗಳ ಜೊತೆ ಟ್ರಾಮಿನಲ್ಲಿ ಊರು ನೋಡುತ್ತ ಹೊರಟರೆ, ಅಂಗಡಿಬೀದಿಗಳ ಥಳುಕು ನೋಡಿ ಇಲ್ಲಿ ಭೂಮಿ ನಡುಗಿತ್ತೆಂದು ನಂಬುವುದೇ ಕಷ್ಟ. ಇಷ್ಟು ವರ್ಷಗಳಲ್ಲಿ ನನ್ನ ಸುಳ್ಳೂ ಸತ್ತುಹೋಗಿರಬೇಕು ಎಂದುಕೊಂಡೆ. ಊರಿನ ಹಳೆಯ ಕೋಟೆಯ ಬಾಗಿಲಲ್ಲಿ ಅದು ಗಾಲಿಕುರ್ಚಿಯ ರೂಪದಲ್ಲಿ ನನಗಾಗಿ ಕಾದಿತ್ತು.

"ಕೂತ್ಕೋ ಅಕ್ಕ. ನಿನ್ನೇನೇ ಫೋನ್ ಮಾಡಿ ಹೇಳಿಟ್ಟಿದ್ದೆ."

"ನಡೀತೀನಿ ಬಿಡೇ."

"ಆ ಬೆನ್ನಿಟ್ಕೊಂಡಾ? ಇಲ್ಲೆಲ್ಲಾ ಏರು. ಸುಮ್ನೆ ಕೂತ್ಕೋ."

ನೀವೇ ಹೇಳಿ, ನಾನು ಇನ್ನೇನು ಮಾಡಬಹುದಿತ್ತು? ನಿಜ ಹೇಳಬಹುದಿತ್ತು. ಅದು ಹೊಳೆಯಿತು ಕೂಡ. ಆದರೂ ಕೂತೆ. ಎದುರಾದ ಅಜ್ಜಂದಿರು ಊರುಗೋಲು ಊರಿಕೊಂಡು ಪಕ್ಕಕ್ಕೆ ಸರಿದು, ತಲೆಬಾಗಿ ನನಗೆ ದಾರಿ ಬಿಟ್ಟರು. ನಾನು ನೋವಿನ ಮುಖ ಮಾಡಿ ಒಬ್ಬೊಬ್ಬರಿಗೂ "ಸುಮಿಮಾಸೆನ್" ಎಂದು ಕ್ಷಮೆ ಕೇಳಿದೆ. ಕೇಳಬೇಕಾದವಳೊಬ್ಬಳನ್ನು ಬಿಟ್ಟು ಊರನ್ನೆಲ್ಲ ಕೇಳಿದೆ.

ಶೋಭಾ ತಳ್ಳುತ್ತಿದ್ದ ಕುರ್ಚಿ ಎತ್ತರದ ಕಾಲುಸೇತುವೆಯೊಂದನ್ನು ಏರಿತು. ಅಲ್ಲಿಂದ ಕೆಳಗೆ ನೋಡಿದವಳು ನನ್ನ ನಾಟಕವನ್ನೇ ಮರೆತೆ. ಕುಸಿದ ಗೋಡೆಗಳನ್ನು ಅವರು ಮುಚ್ಚಿಲ್ಲ, ಮರೆಮಾಡಿಲ್ಲ. ಬಂದವರು ನೋಡಲಿ ಎಂದೇ ಈ ದಾರಿ ಕಟ್ಟಿದ್ದಾರೆ. ಬಿದ್ದ ಕಲ್ಲುಗಳನ್ನು ಬಯಲಿನಲ್ಲಿ ಸಾಲುಸಾಲಾಗಿ ಮಲಗಿಸಿ ಒಂದೊಂದಕ್ಕೂ ಗುರುತು ಹಾಕಿದ್ದಾರೆ. ಹಳೆಯ ಫೋಟೋಗಳೊಂದಿಗೆ ತಾಳೆ ನೋಡಿ, ಯಾವ ಕಲ್ಲು ಎಲ್ಲಿಂದ ಬಿತ್ತೋ ಅದನ್ನು ಅಲ್ಲಿಗೇ ಮರಳಿ ಕೂರಿಸುತ್ತಾರಂತೆ. ನನ್ನ ಮೈ ಜುಮ್ಮೆಂದಿತು. ಬಿಚ್ಚಿದ ರವಿಕೆಯ ತೋಳು ಎಡದ್ದೋ ಬಲದ್ದೋ ಎಂದು ತಡಕಾಡುವವಳು ನಾನು. ಇವರು ಗುಡ್ಡದಂಥ ಗೋಡೆಯನ್ನೇ ಹಳೆಯ ಹೊಲಿಗೆಯ ಗುರುತಿನ ಮೇಲೆ ಮತ್ತೆ ಹೊಲಿಯುತ್ತಿದ್ದಾರೆ, ಯಾವ ಅವಸರವೂ ಇಲ್ಲದೆ.

"ಯಾವಾಗ ಮುಗಿಯುತ್ತೆ ಪುಟ್ಟಿ ಇದು?"

"ಐ ವಿಲ್ ಬಿ ಓಲ್ಡ್. ದೊಡ್ಡಮ್ಮ ಥರ," ಎಂದಳು ತನ್ವಿ. ಅವಳಮ್ಮ ಕಣ್ಣು ಬಿಟ್ಟದ್ದೇ ತಡ, "ಗೊಮೆನ್ನಸಾಯ್!" ಎಂದು ನನ್ನ ಕೈ ಹಿಡಿದು ಕ್ಷಮೆ ಕೇಳಿದಳು. ಎಷ್ಟು ಸಲೀಸಾಗಿ ಕೇಳಿಬಿಟ್ಟಳು!

ಮುಂದೆ ಒಂದು ದೊಡ್ಡ ಫೋಟೋ ಇತ್ತು. ಇಡೀ ಗೋಡೆ ಜಾರಿಹೋದ ಮೇಲೂ ಮೂಲೆಯ ಒಂದೇ ಸಾಲು ಕಲ್ಲು ತಲೆಯ ಮೇಲಿನ ಬುರುಜನ್ನು ಹೊತ್ತು ನಿಂತಿದೆ. ನಾನು ಉಸಿರು ಬಿಗಿಹಿಡಿದು ನೋಡಿದೆ.

"ಆಗ ಇವಳಪ್ಪಂಗೆ ದಿನಾ ಇಲ್ಲೇ ರಸ್ತೇಲಿ ಕಾರ್ ನಿಲ್ಲಿಸಿ ಅಂತಿದ್ದೆ ಅಕ್ಕ," ಎಂದಳು ಶೋಭಾ, ನಗುತ್ತಲೇ. "ದೂರದಿಂದ ಇದನ್ನ ನೋಡೋದು. ಇವತ್ತೂ ಬಿದ್ದಿಲ್ಲ ತಾನೆ, ಹಂಗಾದ್ರೆ ನಾನೂ ಬೀಳಲ್ಲ ಅಂತ."

ಅವಳ ಮಾತಿನಲ್ಲಿ ದೂರಿನ ಎಳೆಯೂ ಇರಲಿಲ್ಲ. ಕುರ್ಚಿ ಮತ್ತೆ ಉರುಳಿ, ಏರಿನಲ್ಲಿ ತಟ್ಟನೆ ನಿಂತಿತು. ತಿರುಗಿ ನೋಡಿದರೆ ಅವಳು ಒಂದು ಕೈಯಿಂದ ಸೊಂಟ ಒತ್ತಿಕೊಂಡು ಏದುಸಿರು ಬಿಡುತ್ತಿದ್ದಳು.

"ಏನಾಯ್ತೇ?"

"ಏನಿಲ್ಲ. ಹಸಿಮೈಲಿ ಕಾರಲ್ಲಿ ಮಲಗಿದ್ನಲ್ಲ, ಆವಾಗಿಂದ ಸೊಂಟ ಹಿಂಗೇ. ನಿನ್ನಷ್ಟಿಲ್ಲ ಬಿಡು."

ನಾನು ಕುರ್ಚಿಯ ಬ್ರೇಕು ಹಾಕಿ ಎದ್ದೆ. ನರಳಲಿಲ್ಲ, ತಡವರಿಸಲಿಲ್ಲ, ನೆಟ್ಟಗೆ ಎದ್ದೆ. ತನ್ವಿ "ದೊಡ್ಡಮ್ಮಾ!" ಎಂದು ಹೌಹಾರಿದಳು. ಶೋಭಾಳ ಭುಜ ಹಿಡಿದು ಆ ಕುರ್ಚಿಯಲ್ಲಿ ಕೂರಿಸಿದೆ.

"ಇದೇನಕ್ಕ! ನಿನ್ನ ಬೆನ್ನು?"

"ನನ್ನ ಬೆನ್ನಿಗೆ ಏನೂ ಆಗಿಲ್ಲ ಶೋಭಾ. ಅವತ್ತೂ ಆಗಿರ್ಲಿಲ್ಲ. ಹೆದರ್ಕೊಂಡೆ, ಅದಕ್ಕೇ ಬರ್ಲಿಲ್ಲ. ಹಸಿ ಬಾಣಂತೀನ ಒಂಟಿಯಾಗಿ ಬಿಟ್ಬಿಟ್ಟೆ. ತಪ್ಪಾಯ್ತು ಕಣೇ, ನನ್ನ ಕ್ಷಮಿಸ್ಬಿಡು."