ಜಗಳ ಕಲಿಸಿದ ಲೋಲಾಬಾಯಿ

ನನ್ನ ಮೊಮ್ಮಗಳು ಇರಾಗೆ ನಾಯಕಿಯ ಪಾರ್ಟು ಸಿಕ್ಕಿದೆ. ಮೊನ್ನೆ ಶನಿವಾರ ಮಧ್ಯಾಹ್ನ ನನ್ನ ಕಣ್ಣೆದುರಿಗೇ ಸಿಕ್ಕಿತು. ಎಂಟು ವರ್ಷ ಕಾಲ ಹಿಂದಿನ ಸಾಲಿನಲ್ಲಿ ನಿಂತು ಹಾಡಿದ ಹುಡುಗಿ ಬರುವ ಜೂನಿನಲ್ಲಿ ಸ್ಟೇಜಿನ ನಟ್ಟನಡುವೆ ನಿಲ್ಲುತ್ತಾಳೆ. ಗುಳೇದಗುಡ್ಡದ ನನ್ನ ತಂಗಿಗೆ, ಬಾಗಲಕೋಟೆಯ ಬೀಗರಿಗೆ, ಇಲ್ಲಿ ಪರದೇಶದ ಬೋಲಿಂಗ್‌ಬ್ರೂಕಿನ ನಮ್ಮ ಓಣಿಯ ನಾಲ್ಕು ಮನೆಗೆ, ಎಲ್ಲರಿಗೂ ಹೇಳಿ ಮುಗಿಸಿದ್ದೇನೆ. ಆದರೂ ತೃಪ್ತಿಯಾಗಲಿಲ್ಲ. ಅದಕ್ಕೇ ಬರೆಯಲು ಕೂತೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದಿರಿ.

ಇರಾಳ ಸುದ್ದಿ ಹೇಳಬೇಕಾದರೆ ಮೊದಲು ಲೋಲಾಬಾಯಿಯ ಸುದ್ದಿ ಹೇಳಬೇಕು.

ಲೋಲಾಬಾಯಿಯ ತುಟಿಗಳ ನಡುವೆ ಯಾವಾಗಲೂ ಐದಾರು ಗುಂಡುಪಿನ್ನು ಇರುತ್ತಿದ್ದವು. ಶಾಮ್‌ಬರ್ಗಿನ ಒಂದು ಅಂಗಡಿಯಲ್ಲಿ ಮದುವೆಯ ಗೌನುಗಳನ್ನು ಬಿಗಿ ಮಾಡುವುದು, ಸಡಿಲು ಮಾಡುವುದು ಅವಳ ವಾರವಿಡೀ ಕೆಲಸ. ಶನಿವಾರ ಬಂತೆಂದರೆ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ತನ್ನ ಸ್ಪ್ಯಾನಿಷ್ ನಾಟಕ ಕಂಪನಿ ನಡೆಸುತ್ತಿದ್ದಳು. ಅಲ್ಲಿಯೂ ಪಿನ್ನು ಬಾಯಿಂದ ಹೊರಗೆ ಬರುತ್ತಿರಲಿಲ್ಲ. ಒಬ್ಬಳ ಲಂಗದ ಅಂಚು ಮಡಿಸಿ ಚುಚ್ಚುತ್ತಾ ಇನ್ನೊಬ್ಬನಿಗೆ ನಟನೆ ಹೇಳಿಕೊಡುವಳು. ಪಿನ್ನಿನ ಸಂದಿಯಿಂದ ಬರುತ್ತಿದ್ದದ್ದು ಎರಡೇ ಶಬ್ದ, ಒಂದು ಹ್ಞೂಂ, ಇನ್ನೊಂದು ಉಂಹೂಂ. ಆ ಎರಡರಲ್ಲೇ ಇಪ್ಪತ್ತೈದು ಜನ ಪಾತ್ರ ಕಲಿಯುತ್ತಿದ್ದರು. ಯಾವಾಗಲಾದರೂ ಅವಳು ಪಿನ್ನುಗಳನ್ನು ಒಂದೊಂದಾಗಿ ತೆಗೆದು ತನ್ನ ಕಾಲರಿಗೆ ಚುಚ್ಚತೊಡಗಿದರೆ ಮಾತ್ರ ಇಡೀ ನೆಲಮಾಳಿಗೆ ಗಪ್ಪಾಗುತ್ತಿತ್ತು. ಈಗ ಮಾತು ಬರುತ್ತದೆ ಎಂದು ಎಲ್ಲರಿಗೂ ಗೊತ್ತು.

ಅವಳ ಹೆಸರು ದೋಲೋರೆಸ್. ಎಲ್ಲರೂ ಲೋಲಾ ಎನ್ನುತ್ತಿದ್ದರು. ಬಾಯಿ ಎಂಬುದನ್ನು ಹಚ್ಚಿದವಳು ನಾನು. ನಾನು ಸಣ್ಣವಳಿದ್ದಾಗ ನಮ್ಮೂರಲ್ಲಿ ನಾಟಕ ಕಂಪನಿಗಳು ಕ್ಯಾಂಪು ಹಾಕುತ್ತಿದ್ದವು. ಅಲ್ಲಿ ಪಾರ್ಟು ಮಾಡುವ ಹೆಣ್ಣುಮಕ್ಕಳಿಗೆಲ್ಲ ನಾವು ಬಾಯಿ ಸೇರಿಸಿಯೇ ಕರೆಯುತ್ತಿದ್ದೆವು. ಇವಳ ಕಂಪನಿಯೂ ಥೇಟ್ ಅಂಥದ್ದೇ. ಇಬ್ಬರು ಮಾತಾಡುತ್ತಾರೆ, ಸಿಟ್ಟು ಏರುತ್ತದೆ, ಸಿಟ್ಟು ಏರಿದ ಕೂಡಲೇ ಹಾಡು. ಹಾಡು ಮುಗಿದರೆ ಒಬ್ಬ ಹಾಸ್ಯದವನು ಬಂದು ನಗಿಸಿ ಹೋಗುತ್ತಾನೆ. ಮತ್ತೆ ಮಾತು, ಮತ್ತೆ ಹಾಡು. ಸ್ಪೇನಿನವಳಾದ ಲೋಲಾಬಾಯಿ ಇಂಥ ನಾಟಕಕ್ಕೆ ಥಾರ್ಥ್ವೇಲಾ ಎನ್ನುವಳು. ಪಿಯಾನೋ ಬಾರಿಸುವ ಎಮಿಲಿಯೋ ಮೆಕ್ಸಿಕೋದವನು, ಅವನ ಬಾಯಲ್ಲಿ ಅದು ಸಾರ್ಸ್ವೇಲಾ. ಹಗಲೆಲ್ಲ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸಿ ಬರುವ ಆ ಮನುಷ್ಯ ಈ ಒಂದು ವಿಷಯಕ್ಕೆ ಮೂವತ್ತು ವರ್ಷ ಅವಳ ಜೊತೆ ಜಗಳ ಆಡಿದ್ದಾನೆ. ಇಬ್ಬರೂ ಸೋತಿಲ್ಲ.

ನಾನು ಅಲ್ಲಿಗೆ ಹೋಗಲು ಶುರು ಮಾಡಿದ್ದು ಬೇರೆ ದಾರಿ ಇಲ್ಲದೆ. ಇರಾ ಹೈಸ್ಕೂಲಿನಲ್ಲಿ ಸ್ಪ್ಯಾನಿಷ್ ತೆಗೆದುಕೊಂಡು ಈ ಕಂಪನಿಯ ಹಿಮ್ಮೇಳಕ್ಕೆ ಸೇರಿದ್ದಳು. ಶನಿವಾರ ನನ್ನನ್ನು ಮನೆಯಲ್ಲಿ ಒಬ್ಬಳೇ ಬಿಡಬಾರದೆಂದು ಕಾರಿನಲ್ಲಿ ಹಾಕಿಕೊಂಡು ಹೋಗುತ್ತಿದ್ದಳು. ಮೊದಲ ದಿನವೇ ಲೋಲಾಬಾಯಿ ಒಂದು ದೊಡ್ಡ ರೇಷ್ಮೆ ಶಾಲು ಹರವಿಕೊಂಡು ಚಿಂತೆ ಮಾಡುತ್ತಾ ಕೂತಿದ್ದಳು. ಶಾಲಿನ ಸುತ್ತ ಉದ್ದುದ್ದ ಎಳೆ, ಅದರ ಗಂಟೆಲ್ಲ ಬಿಚ್ಚಿ ಸಿಕ್ಕುಸಿಕ್ಕಾಗಿತ್ತು. ನೋಡಿದರೆ ನಮ್ಮ ಸೀರೆಯ ಸೆರಗಿನ ಕುಚ್ಚು, ಬರೀ ಉದ್ದ ಜಾಸ್ತಿ. ಕೇಳದೆ ಕೈಯಿಂದ ಕಸಿದುಕೊಂಡು ಕಟ್ಟತೊಡಗಿದೆ. ನಾಲ್ಕು ಬೆರಳಿನಷ್ಟು ಕಟ್ಟುವುದರೊಳಗೆ ಅವಳು ಪಿನ್ನು ತೆಗೆದಳು.

“ಯಾರು ಕಲಿಸಿದ್ದು?”

“ನಮ್ಮವ್ವ,” ಎಂದೆ.

“ನನಗೂ ನಮ್ಮಮ್ಮನೇ ಕಲಿಸಿದ್ದು. ಆದರೆ ನಿನ್ನ ಅಮ್ಮ ಒಳ್ಳೆಯ ಮೇಷ್ಟ್ರು. ಮುಂದಿನ ಶನಿವಾರ ಬೇಗ ಬಾ. ಇನ್ನೂ ಹನ್ನೊಂದು ಶಾಲು ಇವೆ.”

ಅವಳ ಇಂಗ್ಲಿಷು, ನನ್ನ ಇಂಗ್ಲಿಷು ಎರಡೂ ಒಂದೇ ಇಯತ್ತೆಯವು. ಹಾಗಾಗಿ ಒಬ್ಬರದು ಒಬ್ಬರಿಗೆ ಚೆನ್ನಾಗಿ ತಿಳಿಯುತ್ತಿತ್ತು. ಇಂಗ್ಲಿಷ್ ಬಲ್ಲವರು ನಡುವೆ ಬಾಯಿ ಹಾಕಿದಾಗಲೇ ಕೆಡುತ್ತಿತ್ತು. ಇರಾ ಅಜ್ಜಿ ಅಜ್ಜಿ ಎನ್ನುವುದನ್ನು ಕೇಳಿ ಅದೇ ನನ್ನ ಹೆಸರು ಎಂದುಕೊಂಡಿದ್ದಳು. ನನಗಿಂತ ಐದು ವರ್ಷ ದೊಡ್ಡವಳು ಎಂಟು ವರ್ಷ ನನ್ನನ್ನು ಅಜ್ಜಿ ಎಂದಳು. ನಾನೂ ತಿದ್ದಲಿಲ್ಲ.

ಎಲ್ಲ ಕೆಟ್ಟದ್ದು ಹೋದ ವರ್ಷದ ಆಟದಲ್ಲಿ. ಅದರಲ್ಲಿ ಒಂದು ಸಂತೆಯ ದೃಶ್ಯವಿತ್ತು, ಪಾರ್ಟು ಮಾಡುವವರು ಕಡಿಮೆ ಬಿದ್ದರು. ಲೋಲಾಬಾಯಿ ನನಗೆ ಒಂದು ಬುಟ್ಟಿ ಉಳ್ಳಾಗಡ್ಡಿ ಕೊಟ್ಟು, ಇಳಕಲ್ ಸೀರೆಯಲ್ಲಿಯೇ ಸ್ಟೇಜಿನ ಮೂಲೆಗೆ ಕೂರಿಸಿದಳು. ಸುಮ್ಮನೆ ಕೂತಿರು, ಅಷ್ಟೇ ಎಂದಿದ್ದಳು. ಆದರೆ ಗಿರಾಕಿ ಪಾರ್ಟಿನವನು ಬಂದು ಒಂದು ಉಳ್ಳಾಗಡ್ಡಿ ಎತ್ತಿ, ಕಾಸು ಕೊಡದೆ ಹೊರಟ. ನನಗೆ ನಾಟಕ ಮರೆತೇಹೋಯಿತು. “ಏ ತಮ್ಮಾ, ರೊಕ್ಕ ಯಾರು ಕೊಡಬೇಕು, ನಿಮ್ಮಪ್ಪನೇನು?” ಎಂದು ಅವನ ಅಂಗಿ ಹಿಡಿದೆ. ಅವನು ಪಾಪ ಸ್ಪ್ಯಾನಿಷಿನಲ್ಲಿ ಏನೋ ಬೇಡಿಕೊಂಡ, ನಾನು ಕನ್ನಡದಲ್ಲಿ ಬಿಡಲಿಲ್ಲ. ಜನ ಬಿದ್ದುಬಿದ್ದು ನಕ್ಕರು. ಮರುದಿನದ ಆಟಕ್ಕೂ ಹಾಗೇ ಮಾಡು ಎಂದು ಲೋಲಾಬಾಯಿಯ ಅಪ್ಪಣೆಯಾಯಿತು.

ಇರಾ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಅವಳ ಸಂಕಟ ನನಗೆ ಅರ್ಥವಾಗಿತ್ತು. ಏಳು ವರ್ಷದಿಂದ ಆ ಮಗು ನಾಯಕಿಯ ಪಾರ್ಟು ಬಯಸುತ್ತಿತ್ತು, ಒಂದು ಮಾತಿನ ಪಾತ್ರ ಸಹ ಸಿಕ್ಕಿರಲಿಲ್ಲ. ಕೊನೆಗೆ ಹೋಗಿ ನೇರವಾಗಿ ಕೇಳಿಯೇಬಿಟ್ಟಳು. ಲೋಲಾಬಾಯಿ ಪಿನ್ನು ತೆಗೆದಳು.

“ನಿನ್ನಷ್ಟು ಚೆಂದ ಹಾಡುವವರು ಇಲ್ಲಿ ಯಾರೂ ಇಲ್ಲ. ಆದರೆ ನಮ್ಮ ನಾಟಕದಲ್ಲಿ ಅರ್ಧ ಮಾತು. ನಿನ್ನ ಅಜ್ಜಿಗೆ ಒಂದು ಪದ ಸ್ಪ್ಯಾನಿಷ್ ಬರುವುದಿಲ್ಲ, ಆದರೂ ಮಾತಾಡಿದಳು. ನಿನಗೆ ಎಲ್ಲ ಪದ ಬರುತ್ತವೆ, ನೀನು ಪಾಠ ಒಪ್ಪಿಸುತ್ತೀಯ. ಹೋಗು, ನಿನ್ನ ಅಜ್ಜಿಯ ಭಾಷೆಯಲ್ಲಿ ಅವಳ ಜೊತೆ ಜಗಳ ಆಡುವುದನ್ನು ಕಲಿ. ಆಮೇಲೆ ಬಾ.”

ಇದು ಅವಳ ಹಳೆಯ ಪದ್ಧತಿ. ಮಾತಿನ ಪಾತ್ರ ಕೇಳಿದ ಪೋಲೆಂಡಿನ ನರ್ಸಿಗೆ, ಫಿಲಿಪೀನ್ಸಿನ ಮಾಸ್ತರನಿಗೆ, ಎಲ್ಲರಿಗೂ ಮೊದಲು ಮನೆಯ ಮಾತಿನಲ್ಲಿ ಜಗಳ ಆಡಿ ತೋರಿಸು ಎನ್ನುವಳು. ಅವಳಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ತಿಳಿಯದಿದ್ದರೇ ಸುಳ್ಳು ಬೇಗ ಕಾಣುತ್ತದೆ ಎನ್ನುವಳು.

ಆದರೆ ನಮ್ಮ ಇರಾ ಹುಟ್ಟಿದಾಗಿನಿಂದ ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟವಳು. ಅಡುಗೆಮನೆಯಲ್ಲಿ ದಿನಾ ಸಂಜೆ ನಮ್ಮ ತಾಲೀಮು ಶುರುವಾಯಿತು. ಬೈ ನೋಡೋಣ ಎಂದರೆ ನಿಂತು ಯೋಚಿಸುವಳು.

“ಅಜ್ಜಿ, ನೀವು ಚಾದಲ್ಲಿ ಸಕ್ಕರೆ ಜಾಸ್ತಿ ಹಾಕ್ತೀರಿ.”

“ಇದು ಬೈಗಳ ಅಲ್ಲವ್ವಾ, ಡಾಕ್ಟರ ಚೀಟಿ. ಬೈಯುವಾಗ ‘ನೀವು’ ಅಂತಾರೇನು? ನೀ ಅನ್ನು.”

“That's rude, ಅಜ್ಜಿ.”

“ಹೌದು, ಅದನ್ನ ಕಲಿಯಾಕ ನಿಂತೀವಿ.”

ಇಬ್ಬರೂ ನಗುತ್ತಿದ್ದೆವು. ನಕ್ಕರೆ ಜಗಳ ಆಗುವುದಿಲ್ಲ. ತಿಂಗಳುಗಟ್ಟಲೆ ಆಗಲಿಲ್ಲ.

ಅಷ್ಟರಲ್ಲಿ ಲೋಲಾಬಾಯಿಯ ಮೊಣಕಾಲು ಕೈಕೊಟ್ಟಿತು. ಅವಳಿದ್ದದ್ದು ಮೂರನೇ ಮಹಡಿ, ಲಿಫ್ಟಿಲ್ಲ. ಮಗಳು ಬಂದು ಡೆಟ್ರಾಯಿಟ್ ಕಡೆಯ ಫಾರ್ಮಿಂಗ್ಟನ್ ಹಿಲ್ಸಿಗೆ ಕರೆದುಕೊಂಡು ಹೋದಳು. ಅಲ್ಲಿ ಕಾರಿಲ್ಲದೆ ಒಂದು ಡಬ್ಬಿ ಹಾಲೂ ಸಿಗುವುದಿಲ್ಲ, ಲೋಲಾಬಾಯಿ ಕಾರು ಓಡಿಸುವುದನ್ನು ಡಾಕ್ಟರು ನಿಲ್ಲಿಸಿದ್ದಾರೆ. ಕಂಪನಿ ಎಮಿಲಿಯೋನ ತಲೆಗೆ ಬಿತ್ತು. ಪಾಪ, ನಡೆಸುತ್ತಿದ್ದಾನೆ. ನಾನೂ ಹೋಗಿ ಕುಚ್ಚು ಕಟ್ಟುತ್ತೇನೆ. ಆದರೆ ಉಂಹೂಂ ಎನ್ನುವವರಿಲ್ಲದೆ ನೆಲಮಾಳಿಗೆಯಲ್ಲಿ ಎಲ್ಲರೂ ದೊಡ್ಡ ದನಿಯಲ್ಲಿ ಮಾತಾಡುತ್ತಾರೆ. ಈ ಸಲದ ನಾಯಕಿ ಯಾರು ಎಂದರೆ ಎಮಿಲಿಯೋ ಕೈ ಎತ್ತಿಬಿಟ್ಟ. “ನಾನು ಪಿಯಾನೋದವನು. ಅದನ್ನು ಅವಳೇ ಹೇಳಬೇಕು,” ಎಂದ.

ಇರಾಗೆ ಇದು ಕೊನೆಯ ಅವಕಾಶ. ಫಾರ್ಮಸಿ ಓದು ಮುಗಿದಿದೆ, ಆಗಸ್ಟಿನಲ್ಲಿ ಟೆಕ್ಸಾಸಿನಲ್ಲಿ ಕೆಲಸ. ಹೀಗಾಗಿ ಮೊನ್ನೆ ಶನಿವಾರ ಬೆಳಿಗ್ಗೆ ನಾವೆಲ್ಲ ಕಾರು ಹತ್ತಿದೆವು. ಅಳಿಯ ಮಹಾಂತೇಶ, ಮಗಳು ಸುಜಾತಾ, ಇರಾ, ನಾನು. ಡಿಕ್ಕಿಯಲ್ಲಿ ಐವತ್ತು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ದಾರಿಯುದ್ದಕ್ಕೂ ಹಿಮ ಉದುರುತ್ತಿತ್ತು. ಇರಾ ಕಿಟಕಿಯ ಕಡೆ ಮುಖ ಮಾಡಿ ಸ್ಪ್ಯಾನಿಷ್ ಮಾತು ಗುನುಗುತ್ತಲೇ ಇದ್ದಳು.

ಲೋಲಾಬಾಯಿ ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದಳು. ಬಾಯಲ್ಲಿ ಏನೂ ಇರಲಿಲ್ಲ. ಆ ಮುಖ ಅಷ್ಟು ಖಾಲಿ ಇದ್ದದ್ದನ್ನು ನಾನು ಕಂಡದ್ದು ಅದೇ ಮೊದಲು. ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, ಚಹಾ ಕುಡಿಸಿ, ಆಮೇಲೆ ಇರಾಗೆ ಹೇಳಿದಳು. ನಾಟಕದಲ್ಲಿ ಒಬ್ಬ ಬಟ್ಟೆ ಹೊಲಿಯುವ ಹುಡುಗಿ ತನ್ನ ಸೋದರತ್ತೆಯ ಜೊತೆ ಬಾಗಿಲಲ್ಲಿ ನಿಂತು ಜಗಳ ಆಡುವ ಜಾಗವಿದೆ. ಅದು ಬೇಕು. ಮೊದಲು ಅಜ್ಜಿಯ ಭಾಷೆಯಲ್ಲಿ.

ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ಇರಾ ಎದುರಿಗೆ ನಿಂತಳು. ನಿಂತೇ ಇದ್ದಳು. ಲೋಲಾಬಾಯಿ ಗಡಿಯಾರ ನೋಡಿದ್ದೇ ತಡ, ನನಗೆ ಸಿಟ್ಟೇ ಬಂದುಬಿಟ್ಟಿತು.

“ಐದು ತಾಸು ಗಾಡಿ ಹೊಡದಾರ ನಿಮ್ಮಪ್ಪ ಈ ಹಿಮದಾಗ. ಇಲ್ಲಿ ಬಂದು ಕಂಬದಂಗ ನಿಂತ್ರ ಹೆಂಗ? ನಿನ್ನ ಸಂಬಂಧ ನಾವು ಏನು ಕಡಿಮಿ ಮಾಡೀವಿ? ಒಂದು ಆಟ ಬಿಟ್ಟಿಲ್ಲ ನಾನು. ಮೊಣಕಾಲು ನೋವಿದ್ರೂ ಬಂದು ಕುಂತೀನಿ.”

“ಕುಂತು ಏನ್ ಮಾಡೀ?” ಎಂದಳು ಇರಾ.

ಅವಳು ಒಂದು ಹೆಜ್ಜೆ ಮುಂದೆ ಬಂದಳು.

“ನಿದ್ದಿ ಹೊಡದೀ ಅಜ್ಜಿ. ಪ್ರತಿ ಆಟದಾಗ. ನನಗ ಸ್ಟೇಜ್ ಮ್ಯಾಲಿಂದ ಕಾಣ್ತದ. ಎಂಟು ವರ್ಷ ಹಿಂದಿನ ಸಾಲಿನಾಗ ನಿಂತು ನಿನ್ನನ್ನ ನೋಡೀನಿ, ಈಗ ಎದ್ದಾಳು, ಈಗ ಎದ್ದಾಳು ಅಂತ. ಮನಿಗೆ ಬಂದು ಊರಿಗೆಲ್ಲಾ ಫೋನ್ ಮಾಡ್ತೀ, ನನ್ನ ಮೊಮ್ಮಗಳು ಏನ್ ಹಾಡಿದ್ಲು ಅಂತ. ನೀ ಎಲ್ಲಿ ಕೇಳೀ? ಹೇಳು. ಒಂದು ಹಾಡು ಹೇಳು ನೋಡೋಣ.”

ಒಂದು ಪದ ಇಂಗ್ಲಿಷಿರಲಿಲ್ಲ. ನಮ್ಮ ಸುಜಾತಾ ಬಾಯಿಗೆ ಸೆರಗು ಒತ್ತಿಕೊಳ್ಳಲು ಹೋದಳು, ಪ್ಯಾಂಟು ಹಾಕಿಕೊಂಡಿದ್ದಾಳೆಂಬುದು ಮರೆತು. ಅಷ್ಟರಲ್ಲಿ ಲೋಲಾಬಾಯಿ ಸೋಫಾದಿಂದ ಅರ್ಧ ಎದ್ದಿದ್ದಳು. “ನಿಲ್ಲಿಸಬೇಡ. ಅದೇ ಉಸಿರಿನಲ್ಲಿ, ಈಗ ನಮ್ಮ ಮಾತು,” ಎಂದಳು.

ಇರಾ ನನ್ನ ಮುಖದಿಂದ ಕಣ್ಣು ಕೀಳದೆ ಸ್ಪ್ಯಾನಿಷಿಗೆ ಹೊರಳಿದಳು. ಏನೆಂದಳೋ ನನಗೆ ತಿಳಿಯಲಿಲ್ಲ, ಆದರೆ ಪ್ರತಿ ಮಾತೂ ನನಗೇ ಅಂದದ್ದು ಎಂದು ತಿಳಿಯಿತು. ನಾನೂ ಸುಮ್ಮನಿರಲಿಲ್ಲ. ಕತ್ತಲ ಹಾಲಿನಲ್ಲಿ ಬೆಚ್ಚಗೆ ಕೂತರೆ ಎಪ್ಪತ್ತರ ಹತ್ತಿರದವಳಿಗೆ ಕಣ್ಣು ಎಳೆಯುವುದಿಲ್ಲವೇ, ನಿನ್ನ ದನಿ ಕೇಳಿದರೇ ನನಗೆ ಜೀವ ಹಗುರಾಗಿ ನಿದ್ದೆ ಬರುತ್ತದೆ, ನಾನೇನು ಮಾಡಲಿ ಎಂದೆಲ್ಲ ಕನ್ನಡದಲ್ಲಿ ಕೂಗಿದೆ. ಅದಕ್ಕೆ ಅವಳ ಕಣ್ಣು ತುಂಬಿತು. ಕಣ್ಣು ತುಂಬಿದ ಅದೇ ಜಾಗದಲ್ಲಿ ನಾಟಕದಲ್ಲಿ ಹಾಡು ಬರುತ್ತದಂತೆ. ಹಾಡಿದಳು.

ಹಾಡು ಮುಗಿದ ಮೇಲೆ ಲೋಲಾಬಾಯಿ ಫೋನು ತೆಗೆದು ಎಮಿಲಿಯೋಗೆ ಹಚ್ಚಿದಳು. “ನಾಯಕಿ ಸಿಕ್ಕಳು. ನಮ್ಮ ಇರಾ. ಮುಂದಿನ ಶನಿವಾರದಿಂದ ಶುರು ಮಾಡು,” ಎಂದು ಇಟ್ಟಳು. ನಂತರ ಮಹಾಂತೇಶನ ಕಡೆ ತಿರುಗಿ, ಹುಡುಗಿ ಅಜ್ಜಿಗೆ ಏನೆಂದಳು ಎಂದು ಕೇಳಿದಳು. ಅಳಿಯಂದಿರು ನನ್ನ ಮುಖ ನೋಡಿ ಹೆದರುತ್ತಾ ಹೇಳಿದರು.

“ಓ, ಅದು ನಿದ್ದೆಯೇ?” ಎಂದಳು ಲೋಲಾಬಾಯಿ. “ನಾನು ಎಂಟು ವರ್ಷವೂ ಅಜ್ಜಿ ಪ್ರಾರ್ಥನೆ ಮಾಡುತ್ತಾಳೆ ಎಂದುಕೊಂಡಿದ್ದೆ.”

ಜೂನಿನಲ್ಲಿ ಬರುತ್ತೀಯಲ್ಲ, ಮಹಾಂತೇಶ ಬಂದು ಕರೆದುಕೊಂಡು ಹೋಗುತ್ತಾರೆ ಎಂದು ಕೇಳಿದೆ. ಅವಳು ತಲೆಯಾಡಿಸಿದಳು. “ಬರುವುದಿಲ್ಲ. ನಾನು ಬಂದರೆ ಅವಳು ನನ್ನನ್ನು ನೋಡುತ್ತಾಳೆ. ಅವಳು ಜನರನ್ನು ನೋಡಬೇಕು.” ಅಷ್ಟು ಹೇಳಿ ನನ್ನ ಕೈಯನ್ನು ಎರಡು ಸಲ ತಟ್ಟಿದಳು.

ಸಂಜೆ ಎಲ್ಲರೂ ಒಂದೇ ಟೇಬಲ್ಲಿಗೆ ಕೂತೆವು, ನಾವು ನಾಲ್ವರು, ಲೋಲಾಬಾಯಿ, ಅವಳ ಮಗಳು, ಮಗಳ ಗಂಡ. ನಮ್ಮ ರೊಟ್ಟಿ, ಅವರ ಟೊಮೆಟೊ ಉಜ್ಜಿದ ಬ್ರೆಡ್ಡು. ಪಾರ್ಟು ಸಿಕ್ಕ ದಿನ ನಾಯಕಿಯೇ ಎಲ್ಲರಿಗೂ ಬಡಿಸಬೇಕು, ತನಗೆ ಬಡಿಸಿಕೊಳ್ಳಬಾರದು, ಇದು ಕಂಪನಿಯ ಪದ್ಧತಿ ಎಂದಳು ಲೋಲಾಬಾಯಿ. ಮನೆಯಲ್ಲಿ ಒಂದು ಲೋಟ ನೀರು ತುಂಬಿ ಕೊಡದ ಇರಾ ಟೇಬಲ್ ಸುತ್ತಿ ಸುತ್ತಿ ಬಡಿಸಿದಳು. ಕೊನೆಗೆ ಖಾಲಿ ತಟ್ಟೆ ಮುಂದಿಟ್ಟುಕೊಂಡು ಕೂತಳು.

“ಈಗ ನೀವು,” ಎಂದಳು ಲೋಲಾಬಾಯಿ. “ನಾಯಕಿಗೆ ಕಂಪನಿ ಉಣಿಸಬೇಕು. ತಂತಮ್ಮ ತಟ್ಟೆಯಿಂದ.”

ಸುಜಾತಾ ಗಾಬರಿಯಾಗಿ ನನ್ನ ಕಡೆ ನೋಡಿದಳು. ನಾನು ಎಂಜಲಿನ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟು ಎಂಬುದು ಅವಳಿಗೆ ಗೊತ್ತು. ಒಬ್ಬರು ಕಚ್ಚಿದ್ದನ್ನು ಇನ್ನೊಬ್ಬರು ಮುಟ್ಟಲು ಜೀವಮಾನದಲ್ಲಿ ಬಿಟ್ಟವಳಲ್ಲ ನಾನು. ಎಲ್ಲರ ಕೈಯೂ ನಿಂತುಬಿಟ್ಟಿತ್ತು.

ನಾನು ತಿನ್ನುತ್ತಿದ್ದ ರೊಟ್ಟಿಯನ್ನು ಅರ್ಧ ಮುರಿದೆ. ಎಣ್ಣೆಗಾಯಿ ಹಚ್ಚಿ ಇರಾಳ ತಟ್ಟೆಗೆ ಇಟ್ಟೆ. ಆಮೇಲೆ ಲೋಲಾಬಾಯಿ ಇಟ್ಟಳು, ಸುಜಾತಾ ಇಟ್ಟಳು, ಆ ಕಡೆಯವರು ಬ್ರೆಡ್ಡಿನ ಚೂರು ಇಟ್ಟರು. ತಟ್ಟೆ ತುಂಬಿತು. ಹುಡುಗಿಗೆ ಹಸಿವಾಗಿತ್ತು, ತಲೆ ಎತ್ತದೆ ತಿಂದಳು. ನಾವೂ ಉಂಡೆವು.